ಮರದ ನೆಲಕ್ಕೆ ರೋಬೋಟ್ ವ್ಯಾಕ್ಯೂಮ್: ಮೊದಲು ಬೋರಲು ಹಾಕಿ ನೋಡಿ

ಮರದ ನೆಲ ಹಾಸುವುದು, ಹಳೆಯದನ್ನು ಉಜ್ಜಿ ಪಾಲಿಶ್ ಮಾಡುವುದು ನನ್ನ ಕೆಲಸ. ಕೆಲಸ ಮುಗಿಸಿ ಸಾಮಾನು ಕಟ್ಟಿಕೊಳ್ಳುವ ಹೊತ್ತಿಗೆ ಈಗೀಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ‘ಇದರ ಮೇಲೆ ರೋಬೋಟ್ ವ್ಯಾಕ್ಯೂಮ್ ಓಡಿಸಬಹುದಾ? ಯಾವುದು ತಗೊಳ್ಳೋದು?’ ಕೇಳುತ್ತಲೇ ಫೋನ್ ತೆಗೆದು ಎರಡು ಮಾಡೆಲ್ ತೋರಿಸುತ್ತಾರೆ. ಕಸ ಎಳೆಯುವ ಶಕ್ತಿ ಒಂದರಲ್ಲಿ 5,000 ಪ್ಯಾಸ್ಕಲ್ ಅಂತಿರುತ್ತದೆ, ಇನ್ನೊಂದರಲ್ಲಿ 12,000. ದೊಡ್ಡ ಅಂಕಿಯದ್ದೇ ಒಳ್ಳೆಯದು ಅಲ್ವಾ ಅನ್ನುವುದು ಅವರ ಲೆಕ್ಕ.

ಓಡಿಸಬಹುದು. ಓಡಿಸಿ ಅಂತಲೇ ನಾನು ಹೇಳುತ್ತೇನೆ. ಆದರೆ ಆ ಅಂಕಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಮರದ ನೆಲದ ಮಟ್ಟಿಗೆ ನೋಡಬೇಕಾದ್ದು ಎರಡು. ಈ ಯಂತ್ರ ನೆಲದ ಮೇಲೆ ಏನನ್ನು ಎಳೆದುಕೊಂಡು ಓಡಾಡುತ್ತದೆ? ತಿರುಗಿದ ಜಾಗದಲ್ಲಿ ಎಷ್ಟು ನೀರು ಬಿಟ್ಟು ಹೋಗುತ್ತದೆ? ಎರಡಕ್ಕೂ ಉತ್ತರ ಅದರ ಹೊಟ್ಟೆಯ ಕೆಳಗಿದೆ. ಕೈಗೆ ಸಿಕ್ಕಿದರೆ ಬೋರಲು ಹಾಕಿ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಕೆಳಭಾಗದ ಫೋಟೋ ಹುಡುಕಿ. ಆ ಫೋಟೋ ಹಾಕದ ಮಾಡೆಲನ್ನು ನಾನು ಕೊಳ್ಳುವುದಿಲ್ಲ.

‘ನಮ್ಮದು ಓಕ್, ಗಟ್ಟಿ ಮರ, ಏನೂ ಆಗಲ್ಲ’ ಅನ್ನುವವರೂ ಇದ್ದಾರೆ. ಮರದ ಗಡಸುತನ ಅಳೆಯಲು ಜಂಕಾ ಪರೀಕ್ಷೆ ಅಂತ ಒಂದಿದೆ. 11.28 ಮಿ.ಮೀ. ಅಗಲದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧಕ್ಕೆ ಇಳಿಸಲು ಎಷ್ಟು ಒತ್ತಬೇಕು ಅನ್ನುವುದನ್ನು ಅದು ಹೇಳುತ್ತದೆ. ರೆಡ್ ಓಕ್‌ಗೆ ಸುಮಾರು 1,290 ಪೌಂಡ್ ಬಲ ಬೇಕು, ಹಾರ್ಡ್ ಮೇಪಲ್‌ಗೆ 1,450, ಅಮೆರಿಕದ ವಾಲ್ನಟ್‌ಗೆ 1,010. ಇದು ನೆಲದಲ್ಲಿ ತಗ್ಗು ಬೀಳುವುದರ ಲೆಕ್ಕ. ಮೂರ್ನಾಲ್ಕು ಕಿಲೋ ತೂಗುವ ರೋಬೋಟ್ ಯಾವ ಮರದಲ್ಲೂ ತಗ್ಗು ಮಾಡುವುದಿಲ್ಲ. ಅದು ಮುಟ್ಟುವುದು ಮರದ ಮೇಲಿನ ಪಾಲಿಶ್ ಪದರವನ್ನು. ಪಾಲಿಯುರೆಥೇನ್, ಅಂದರೆ ಒಣಗಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ಪಾಲಿಶ್ ಆದರೆ, ಆ ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟೇ. ಓಕ್ ಇರಲಿ, ಪೈನ್ ಇರಲಿ, ಗೀರು ಮೊದಲು ಕಾಣುವುದು ಅಲ್ಲಿ.

ಗೀರುವುದು ಪ್ಲಾಸ್ಟಿಕ್ ಬ್ರಶ್ ಅಲ್ಲ, ಮರಳು. ಚಪ್ಪಲಿಗೆ ಅಂಟಿ ಒಳಗೆ ಬರುವ ಮರಳಿನಲ್ಲಿ ಕ್ವಾರ್ಟ್ಜ್ ಕಣಗಳೇ ಜಾಸ್ತಿ. ಗಡಸುತನದ ಮೋಸ್ ಅಳತೆಯಲ್ಲಿ ಅದು 7. ಕಿಟಕಿಯ ಗಾಜು ಐದೂವರೆ. ಗಾಜನ್ನೇ ಗೀರುವ ಕಣಕ್ಕೆ ಪಾಲಿಶ್ ಯಾವ ಲೆಕ್ಕ? ಕಾರ್ಖಾನೆಯಲ್ಲೇ ಅಲ್ಯೂಮಿನಿಯಂ ಆಕ್ಸೈಡ್ ಬೆರೆಸಿ ಬಳಿದ ಪಾಲಿಶ್ ಜಾಸ್ತಿ ಬಾಳುತ್ತದೆ, ನಿಜ. ಆದರೆ ಗೀರು ಬಿದ್ದ ಮೇಲೆ ಅದನ್ನು ಒಂದೇ ಕಡೆ ಸರಿ ಮಾಡುವುದು ಕಷ್ಟ. ಎಣ್ಣೆ-ಮೇಣದ ಪಾಲಿಶ್ ಮರದೊಳಗೆ ಇಳಿದಿರುತ್ತದೆ. ಗೀರು ಅಷ್ಟಾಗಿ ಕಾಣುವುದಿಲ್ಲ, ಕಂಡರೂ ಆ ಜಾಗಕ್ಕಷ್ಟೇ ಎಣ್ಣೆ ಹಚ್ಚಿ ಸರಿ ಮಾಡಬಹುದು. ನೀರು ಮಾತ್ರ ಅದಕ್ಕೆ ಆಗಿಬರುವುದಿಲ್ಲ. ನಿಮ್ಮ ನೆಲದ ಮೇಲೆ ಯಾವ ಪಾಲಿಶ್ ಇದೆ ಅನ್ನುವುದನ್ನು ತಿಳಿದುಕೊಂಡೇ ಯಂತ್ರ ಹುಡುಕಲು ಹೊರಡಿ.

ಮರಳಿನ ಮೇಲೆ ನಾವೇ ದಿನವಿಡೀ ಓಡಾಡುತ್ತೇವೆ, ಕುರ್ಚಿ ಎಳೆಯುತ್ತೇವೆ. ಹಾಗಾಗಿ ದಿನಾ ಮರಳು ಎತ್ತುವ ರೋಬೋಟ್ ಪಾಲಿಶ್‌ನ ಆಯಸ್ಸು ಹೆಚ್ಚಿಸುತ್ತದೆ. ಆದರೆ ಎತ್ತಬೇಕು. ಎಳೆದಾಡಬಾರದು.

ಬೋರಲು ಹಾಕಿದ ಮೇಲೆ ಮೊದಲು ಮುಂದಿನ ಸಣ್ಣ ಚಕ್ರ ನೋಡಿ. ಯಾರೂ ಗಮನಿಸದ ಭಾಗ ಇದು, ಹೆಚ್ಚು ಹಾನಿ ಮಾಡುವುದೂ ಇದೇ. ಅದರ ಅಚ್ಚಿಗೆ ಕೂದಲು ಸುತ್ತಿಕೊಳ್ಳುತ್ತದೆ, ನಿಧಾನಕ್ಕೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಹಿಂದಿನ ಎರಡು ಚಕ್ರಗಳ ಬಲದಲ್ಲಿ ನೂಕಿಕೊಂಡೇ ಹೋಗುತ್ತದೆ. ನಿಂತ ಚಕ್ರದಲ್ಲಿ ಒಂದು ಮರಳಿನ ಕಣ ಕಚ್ಚಿಕೊಂಡರೆ ಮುಗಿಯಿತು, ಉಜ್ಜುಕಾಗದ ಎಳೆದ ಹಾಗೆ. ಗೀರು ಬಿದ್ದಿದೆ ಅಂತ ಕರೆದ ಮನೆಗಳಲ್ಲಿ ನಾನು ಮೊದಲು ನೋಡುವುದು ಗೀರಿನ ಆಕಾರವನ್ನು. ಕುರ್ಚಿ ಎಳೆದದ್ದು ಗಿಡ್ಡಕ್ಕೆ, ನೇರವಾಗಿ ಇರುತ್ತದೆ. ಬಿಲ್ಲಿನಂತೆ ಬಾಗಿದ ತೆಳು ಗೀರುಗಳು ಚಾರ್ಜ್ ಆಗುವ ಡಾಕ್‌ನ ಮುಂದೆ, ಮೇಜಿನ ಕಾಲುಗಳ ಸುತ್ತ ಗುಂಪಾಗಿದ್ದರೆ ಅದು ರೋಬೋಟ್ ತಿರುಗಿದ ಜಾಗ. ಈ ಚಕ್ರ ಸ್ಕ್ರೂಡ್ರೈವರ್ ಇಲ್ಲದೆ ಕೈಯಲ್ಲೇ ಎಳೆದರೆ ಹೊರಬರುವಂತಿರಬೇಕು. ಬಹುತೇಕ ಮಾಡೆಲ್‌ಗಳಲ್ಲಿ ಬರುತ್ತದೆ. ಬರದಿದ್ದರೆ ಯಾರೂ ತೊಳೆಯುವುದಿಲ್ಲ, ಅಷ್ಟು ಖಾತ್ರಿ.

ಹಿಂದಿನ ದೊಡ್ಡ ಚಕ್ರಗಳು ಮೆತ್ತನೆ ರಬ್ಬರಿನವಾಗಿರಲಿ. ಪಟ್ಟಿ ಅಗಲವಿರಲಿ. ಆಳವಾದ ಕಚ್ಚುಗಳಿದ್ದರೆ ಹೊಸ್ತಿಲು ಹತ್ತಲು ಒಳ್ಳೆಯದು, ಆದರೆ ಮರಳು ಕೂರುವುದೂ ಆ ಕಚ್ಚುಗಳಲ್ಲೇ.

ಇನ್ನು ಮಧ್ಯದ ರೋಲರ್. ಗಟ್ಟಿ ಎಳೆಗಳ ಬ್ರಶ್ ಹುಟ್ಟಿದ್ದು ಕಾರ್ಪೆಟ್ಟಿಗೆ, ನೂಲಿನ ಒಳಗಿನ ಧೂಳು ಕೆದಕುವುದಕ್ಕೆ. ಮರದ ನೆಲದಲ್ಲಿ ಕೆದಕುವುದಕ್ಕೆ ಏನಿದೆ? ಅದು ಕಣಗಳನ್ನು ಚಿಮ್ಮಿಸುತ್ತದೆ. ರಬ್ಬರ್ ರೆಕ್ಕೆಗಳ ರೋಲರ್ ನೆಲಕ್ಕೆ ತಾಗಿಕೊಂಡೇ ಕಸವನ್ನು ಒಳಗೆ ತಳ್ಳುತ್ತದೆ, ಕೂದಲೂ ಕಡಿಮೆ ಸುತ್ತುತ್ತದೆ. ಐರೋಬೋಟ್ ಕಂಪನಿಯ ರೂಂಬಾ ರೋಬೋಟ್‌ಗಳ 800 ಸರಣಿಯಲ್ಲಿ 2013ರಲ್ಲಿ ಎಳೆಗಳೇ ಇಲ್ಲದ ಜೋಡಿ ರಬ್ಬರ್ ರೋಲರ್ ಬಂತು. ಈಗ ಬೇರೆ ಕಂಪನಿಗಳಲ್ಲೂ ರಬ್ಬರ್ ರೋಲರ್ ಸಿಗುತ್ತದೆ. ಬಟ್ಟೆಯಂತೆ ಮೆತ್ತಗಿರುವ ರೋಲರ್ ಸಿಕ್ಕರೆ ನುಣ್ಣನೆ ಧೂಳಿಗೆ ಅದು ಇನ್ನೂ ಚೆನ್ನ, ಆದರೆ ಆಗಾಗ ತೊಳೆದು ಪೂರ್ತಿ ಒಣಗಿಸುವ ತಾಳ್ಮೆ ಬೇಕು. ಕಾರ್ಪೆಟ್ಟೂ ಇದೆ, ಮರವೂ ಇದೆ ಅನ್ನುವವರು ರಬ್ಬರ್ ತಗೊಳ್ಳಿ.

ಪಕ್ಕದಲ್ಲಿ ಗಿರಗಿರ ತಿರುಗುವ ಪುಟ್ಟ ಬ್ರಶ್ ಮೂಲೆಯ ಕಸ ಎಳೆಯಲು ಇರುವುದು. ನಯವಾದ ನೆಲದಲ್ಲಿ ವೇಗ ಜಾಸ್ತಿಯಾದರೆ ಅದೇ ಕಸವನ್ನು ಕೋಣೆಯ ಆಚೆ ಬದಿಗೆ ಎಸೆಯುತ್ತದೆ. ವೇಗ ಕಡಿಮೆ ಮಾಡುವ ಆಯ್ಕೆ ಆ್ಯಪ್‌ನಲ್ಲಿ ಇದೆಯೇ ನೋಡಿ. ಮನೆಗೆ ತಂದ ದಿನವೇ ಪರೀಕ್ಷೆ ಮಾಡಬೇಕೆಂದರೆ ಒಂದು ಚಿಟಿಕೆ ಪುಡಿ ಉಪ್ಪನ್ನು ಗೋಡೆಯ ಬುಡದಲ್ಲಿ ಚೆಲ್ಲಿ ಓಡಿಸಿ. ಮರಳು ಬೇಡ, ದಯವಿಟ್ಟು. ಉಪ್ಪಿನ ಹರಳು ಮೆತ್ತಗಿರುತ್ತದೆ. ಎಷ್ಟು ಎತ್ತಿತು, ಎಷ್ಟು ಚಿಮ್ಮಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಒರೆಸುವ ಬಟ್ಟೆ ಕಳಚಿಟ್ಟು ಮಾಡಿ, ಇಲ್ಲದಿದ್ದರೆ ಉಪ್ಪುನೀರು ಬಳಿದಂತಾಗುತ್ತದೆ.

ಈಗ ಆ ಪ್ಯಾಸ್ಕಲ್ ವಿಷಯ. ಅದು ಒತ್ತಡದ ಅಳತೆ. ಕಸವನ್ನು ಹೊತ್ತೊಯ್ಯುವುದು ಗಾಳಿಯ ಹರಿವು. ಅದು ರೋಲರ್ ಇರುವ ಬಾಯಿಯ ಆಕಾರವನ್ನೂ ಆ ಬಾಯಿ ನೆಲಕ್ಕೆ ಎಷ್ಟು ಹತ್ತಿರ ಇದೆ ಅನ್ನುವುದನ್ನೂ ಅವಲಂಬಿಸಿದೆ. ಮರದ ಮೇಲೆ ಧೂಳು ಸುಮ್ನೆ ಕೂತಿರುತ್ತದೆ, ಹೂತಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ 2,000ದಿಂದ 3,000 ಪ್ಯಾಸ್ಕಲ್ ಧಾರಾಳವಾಗಿ ಸಾಕು. ಜಾಸ್ತಿ ಬೇಕಾಗುವುದು ಹಲಗೆಗಳ ನಡುವೆ ಸಂದು ಬಿಟ್ಟ ಹಳೆಯ ನೆಲಕ್ಕೆ, ಅಂಚು ಇಳಿಜಾರು ಮಾಡಿದ ಹಲಗೆಗಳಿಗೆ. ಆಳದ ಸಂದುಗಳ ಧೂಳನ್ನು ಮಾತ್ರ ಯಾವ ರೋಬೋಟೂ ಪೂರ್ತಿ ತೆಗೆಯುವುದಿಲ್ಲ. ಅದಕ್ಕೆ ಕೈಯಲ್ಲಿ ಹಿಡಿಯುವ ವ್ಯಾಕ್ಯೂಮಿನ ಚಪ್ಪಟೆ ಮೂತಿಯೇ ಬೇಕು. ಬಿಸಿಗಾಳಿ ಹೊರಬರುವ ಕಿಂಡಿ ಎಲ್ಲಿದೆ ಅಂತಲೂ ನೋಡಿ. ನೆಲದ ಮಟ್ಟದಲ್ಲೇ ಇದ್ದರೆ, ಇನ್ನೂ ಗುಡಿಸದ ಧೂಳನ್ನು ತಾನೇ ಊದಿ ಓಡಿಸುತ್ತದೆ.

ಒರೆಸುವ ರೋಬೋಟ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಿಪುಣ. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಪಾಲಿಶ್ ಮೇಲ್ಮೈಯನ್ನು ಕಾಯುತ್ತದೆ, ಸಂದುಗಳನ್ನು ಕಾಯುವುದಿಲ್ಲ. ಅಲ್ಲಿಂದ ದಿನವೂ ಸ್ವಲ್ಪ ಸ್ವಲ್ಪ ಇಳಿದ ನೀರಿಗೆ ಹಲಗೆಯ ಅಂಚು ಮೇಲೆದ್ದು ನಡು ತಗ್ಗಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮರದ ನೆಲ ಸಂಘ ಮರಕ್ಕೆ ಒದ್ದೆ ಮಾಪ್ ಬೇಡ, ಸ್ಟೀಮ್ ಮಾಪಂತೂ ಬೇಡವೇ ಬೇಡ ಎನ್ನುತ್ತದೆ. ಲ್ಯಾಮಿನೇಟ್ ಇದ್ದವರು ಇನ್ನೂ ಹುಷಾರಾಗಿರಬೇಕು. ಅದು ಮರದ ಚಿತ್ರವಿರುವ ಕಾಗದ, ಕೆಳಗೆ ಒತ್ತಿ ಮಾಡಿದ ಮರದ ನಾರಿನ ಹಲಗೆ. ಅಂಚು ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಉಜ್ಜಿ ಸರಿಮಾಡಲೂ ಆಗುವುದಿಲ್ಲ.

ಹಾಗಾಗಿ ನೀರನ್ನು ಹೇಗೆ ಬಿಡುತ್ತದೆ ಅನ್ನುವುದನ್ನು ಕೇಳಿ. ಕಡಿಮೆ ಬೆಲೆಯ ಕೆಲವು ಯಂತ್ರಗಳಲ್ಲಿ ಟ್ಯಾಂಕಿನಿಂದ ನೀರು ತನ್ನಷ್ಟಕ್ಕೆ ಬಟ್ಟೆಗೆ ತೊಟ್ಟಿಕ್ಕುತ್ತದೆ. ಸೋಫಾದ ಕೆಳಗೆ ಸಿಕ್ಕಿಹಾಕಿಕೊಂಡು ನಿಂತರೂ ತೊಟ್ಟಿಕ್ಕುತ್ತಲೇ ಇರುತ್ತದೆ. ನೀವು ಸಂಜೆ ಮನೆಗೆ ಬರುವ ಹೊತ್ತಿಗೆ ಅಲ್ಲೊಂದು ಬಿಳಿ ಕಲೆ. ಇಂಥದ್ದು ಮರದ ನೆಲಕ್ಕೆ ಬೇಡ. ಪಂಪ್ ಇರಲಿ, ಯಂತ್ರ ನಿಂತರೆ ನೀರೂ ನಿಲ್ಲಲಿ, ಪ್ರಮಾಣವನ್ನು ಆ್ಯಪ್‌ನಲ್ಲಿ ತೀರಾ ಕೆಳಕ್ಕೆ ಇಳಿಸುವಂತಿರಲಿ. ಓಡಿದ ಹಾದಿ ಒಂದೆರಡು ನಿಮಿಷದಲ್ಲಿ ತಾನೇ ಒಣಗಬೇಕು. ಒಣಗಲಿಲ್ಲವೆಂದರೆ ನೀರು ಜಾಸ್ತಿಯಾಯಿತು ಅಂತಲೇ ಅರ್ಥ.

ತಿರುಗುವ ಎರಡು ಪ್ಯಾಡ್‌ಗಳ ಮಾದರಿ ಚೆನ್ನಾಗಿಯೇ ಒರೆಸುತ್ತದೆ. ಆದರೆ ಮೊದಲು ಪೂರ್ತಿ ಗುಡಿಸಿ, ಆಮೇಲೆ ಒರೆಸುವ ಆಯ್ಕೆ ಇರಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಬಿಟ್ಟುಹೋದ ಮರಳು ಪ್ಯಾಡ್‌ಗೆ ಸಿಕ್ಕಿ ಅದರ ಜೊತೆಗೇ ಸುತ್ತುತ್ತದೆ. ಕೊಳೆನೀರನ್ನು ತಕ್ಷಣ ಹೀರಿಕೊಳ್ಳುತ್ತಾ ಉರುಳುವ ಮಾಪ್ ರೋಲರ್ ಈ ವಿಷಯದಲ್ಲಿ ವಾಸಿ. ಪ್ಯಾಡ್ ತೊಳೆಯುವ ಡಾಕ್ ಇದ್ದರೆ ಇನ್ನೊಂದು ಸಂಗತಿ: ತೊಳೆದು ಹೊರಬಂದ ಪ್ಯಾಡ್ ಅತಿ ಒದ್ದೆ ಇರುವುದು ಮೊದಲ ಕೆಲವು ಅಡಿಗಳಲ್ಲಿ. ಆ ಅಡಿಗಳು ದಿನಾ ಅದೇ ಹಲಗೆಗಳ ಮೇಲೆ ಬೀಳುತ್ತವೆ. ಟೈಲ್ಸ್ ಹಾಕಿದ ಜಾಗ ಇದ್ದರೆ ಡಾಕ್ ಅಲ್ಲಿಡಿ. ಒದ್ದೆ ಬಟ್ಟೆ ಸಿಕ್ಕಿಸಿದ ಯಂತ್ರವನ್ನು ರಾತ್ರಿಯಿಡೀ ಮರದ ಮೇಲೆ ನಿಲ್ಲಿಸಬೇಡಿ.

ನೀರಿಗೆ ಏನು ಬೆರೆಸುವುದು ಅಂತ ಕೇಳುತ್ತಾರೆ. ವಿನೆಗರ್ ಬೇಡ, ಅದು ಆಮ್ಲ, ಹೊಳಪು ಕೊಲ್ಲುತ್ತದೆ. ಎಣ್ಣೆಯ ಸೋಪು, ‘ಹೊಳೆಯುವ’ ದ್ರವಗಳೂ ಬೇಡ. ಅವು ಬಿಟ್ಟುಹೋಗುವ ಪದರದ ಮೇಲೆ ನಾಳೆ ನಾನು ಹೊಸ ಕೋಟ್ ಕೊಟ್ಟರೆ ಅದು ಹಿಡಿಯುವುದೇ ಇಲ್ಲ. ಆಗ ಒಂದು ಕೋಟ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಮರ ಕಾಣುವವರೆಗೆ ಉಜ್ಜುವ ಕೆಲಸವಾಗುತ್ತದೆ. ಮೇಣ ಅಥವಾ ಎಣ್ಣೆ ಪಾಲಿಶ್ ಇದ್ದರೆ ಒರೆಸುವ ರೋಬೋಟನ್ನೇ ಬಿಡಿ. ಗುಡಿಸುವುದಷ್ಟೇ ಸಾಕು.

ಕಪ್ಪು ಬಣ್ಣ ಹಚ್ಚಿದ, ತೀರಾ ಗಾಢ ಬಣ್ಣದ ನೆಲದವರು ಒಂದು ವಿಷಯ ಕೇಳಿಯೇ ಕೊಳ್ಳಬೇಕು. ಮೆಟ್ಟಿಲಿಂದ ಬೀಳದಿರಲೆಂದು ರೋಬೋಟ್ ಕೆಳಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರುತ್ತದೆಯೇ ಅಂತ ನೋಡುತ್ತದೆ. ಕಪ್ಪು ನೆಲ ಆ ಬೆಳಕನ್ನು ನುಂಗಿದರೆ ಮುಂದೆ ಪ್ರಪಾತ ಇದೆ ಅಂತ ತಿಳಿದು ನಿಂತುಬಿಡುತ್ತದೆ. ಸೆನ್ಸರ್ ಮೇಲೆ ಟೇಪ್ ಅಂಟಿಸುವ ಉಪಾಯ ಕೆಲವರು ಹೇಳುತ್ತಾರೆ. ಮೆಟ್ಟಿಲಿರುವ ಮನೆಯಲ್ಲಿ ಅದು ಯಂತ್ರವನ್ನು ಉರುಳಿಸುವ ಉಪಾಯ. ಹಿಂದಿರುಗಿಸುವ ಅವಕಾಶ ಇದ್ದಲ್ಲಿ ಕೊಂಡು, ನಿಮ್ಮ ನೆಲದ ಮೇಲೇ ಓಡಿಸಿ ನೋಡಿ.

ದಾರಿ ಹುಡುಕುವ ಬಗೆಯಲ್ಲಿ ಈಗ ದೊಡ್ಡ ತಲೆನೋವಿಲ್ಲ. 2001ರ ಎಲೆಕ್ಟ್ರೋಲಕ್ಸ್ ಟ್ರೈಲೋಬೈಟ್, 2002ರ ಮೊದಲ ರೂಂಬಾಗಳ ಕಾಲ ಕಳೆದು, ಲೇಸರ್‌ನಿಂದ ನಕ್ಷೆ ಮಾಡಿಕೊಳ್ಳುವ ಯಂತ್ರಗಳು ಸಾಮಾನ್ಯವಾಗಿವೆ. ಮರಕ್ಕೆ ಇದರಿಂದ ಲಾಭ ಇದೆ. ಸುಮ್ಮನೆ ಡಿಕ್ಕಿ ಹೊಡೆದು ತಿರುಗುವ ಯಂತ್ರ ಒಂದೇ ಜಾಗದಲ್ಲಿ ಹತ್ತು ಸಲ ಚಕ್ರ ತಿರುಚುತ್ತದೆ, ಗೋಡೆಯಂಚಿನ ಪಟ್ಟಿಯ ಬಣ್ಣವನ್ನೂ ಕೀಳುತ್ತದೆ. ನಕ್ಷೆ ಇದ್ದರೆ ನೇರ ಹೋಗುತ್ತದೆ, ಹೋಗಬಾರದ ಜಾಗ ಗುರುತಿಸಬಹುದು. ಕೆಲವು ಆ್ಯಪ್‌ಗಳಲ್ಲಿ ಹಲಗೆ ಹಾಸಿದ ದಿಕ್ಕನ್ನೂ ಹೇಳಬಹುದು. ಹಲಗೆಯುದ್ದಕ್ಕೂ ಹೋದರೆ ಸಂದಿನ ಧೂಳು ಚೆನ್ನಾಗಿ ಬರುತ್ತದೆ, ಬಿದ್ದ ಗೀರೂ ಮರದ ಎಳೆಗಳ ನಡುವೆ ಅಡಗುತ್ತದೆ. ಲೇಸರ್ ಗೋಪುರ ಇರುವ ಯಂತ್ರ ಸುಮಾರು 10 ಸೆಂ.ಮೀ. ಎತ್ತರ ಇರುತ್ತದೆ, ಮಂಚದ ಕೆಳಗೆ ಅಷ್ಟು ಜಾಗ ಇದೆಯೇ ಅಳೆದುಕೊಳ್ಳಿ.

ಬಿಡಿಭಾಗ ಸುಲಭವಾಗಿ ಸಿಗುವ ಮಾಡೆಲೇ ಇರಲಿ. ವಾರಕ್ಕೊಮ್ಮೆ ಬೋರಲು ಹಾಕಿ, ಮುಂದಿನ ಚಕ್ರ ಕಿತ್ತು ಕೂದಲು ತೆಗೆಯಿರಿ, ಮೂರೂ ಚಕ್ರಗಳನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯಲ್ಲಿ ಮರಳು ಕಂಡರೆ ಬಾಗಿಲಲ್ಲಿ ಇನ್ನೊಂದು ಕಾಲೊರಸು ಹಾಕುವ ಹೊತ್ತಾಯಿತು.

ಹೊಸದಾಗಿ ಪಾಲಿಶ್ ಮಾಡಿಸಿದವರು ಮಾತ್ರ ಸ್ವಲ್ಪ ಕಾಯಬೇಕು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪದರ ಒಳಗೆ ಇನ್ನೂ ಮೆತ್ತಗಿರುತ್ತದೆ. ಎಣ್ಣೆ ಆಧಾರದ ಪಾಲಿಯುರೆಥೇನ್ ಪೂರ್ತಿ ಗಟ್ಟಿಯಾಗಲು ಸುಮಾರು 30 ದಿನ ಹಿಡಿಯುತ್ತದೆ, ನೀರು ಆಧಾರದ್ದಕ್ಕೆ ಒಂದೆರಡು ವಾರ. ಅಲ್ಲಿಯವರೆಗೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒಣದಾಗಿ ಒರೆಸಿಕೊಳ್ಳಿ. ಡಾಕ್ ಕೂಡ ಆ ನೆಲದ ಮೇಲೆ ಇಡಬೇಡಿ, ಅದರ ರಬ್ಬರ್ ಕಾಲುಗಳು ಹಸಿ ಪಾಲಿಶ್ ಮೇಲೆ ಗುರುತು ಮಾಡಬಹುದು.