ಗುಲಾಬಿಗೆ ಎರಡು ಅಂಕ: ಕಪ್ಪು ಹಸುಗೂಸಿನ ಮೈಬಣ್ಣ ಓದಲು ವೈದ್ಯಲೋಕ ಕಲಿತ ಬಗೆ

ಮಗು ಹೊರಬಂದು ಒಂದು ನಿಮಿಷ ಆಗುತ್ತಿದ್ದಂತೆ ಅದರ ಬದುಕಿನ ಮೊದಲ ಪರೀಕ್ಷೆ ನಡೆದುಹೋಗುತ್ತದೆ. ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದರೆ ತೋರುವ ಪ್ರತಿಕ್ರಿಯೆ, ಮೈಬಣ್ಣ ಎಂಬ ಐದು ಅಂಶಗಳಿಗೆ ತಲಾ 0, 1 ಅಥವಾ 2 ಅಂಕ. ಐದನೇ ನಿಮಿಷಕ್ಕೆ ಮತ್ತೊಮ್ಮೆ. ಮೊದಲ ನಾಲ್ಕರಲ್ಲಿ ಮಗು ಯಾರದ್ದಾದರೂ ಲೆಕ್ಕ ಒಂದೇ. ಬಣ್ಣಕ್ಕೆ ಬಂದಾಗ ಮಾತ್ರ, ಪೂರ್ತಿ ಎರಡು ಅಂಕ ಬೇಕಿದ್ದರೆ ಮಗು ಅಡಿಯಿಂದ ಮುಡಿಯವರೆಗೆ ಗುಲಾಬಿಯಾಗಿರಬೇಕು. ಕೈಕಾಲು ನೀಲಿಯಿದ್ದರೆ ಒಂದು, ಮೈಯೆಲ್ಲ ನೀಲಿ ಅಥವಾ ಬಿಳಿಚಿದ್ದರೆ ಸೊನ್ನೆ. ಹುಟ್ಟಾ ಕಂದು ಮೈಯ ಮಗುವಿಗೆ ಈ ಕೋಷ್ಟಕದಲ್ಲಿ ಮನೆಯೇ ಇಲ್ಲ.

‘ಎಪ್ಗಾರ್ ಅಂಕ’ ಎಂದು ಹೆಸರಾದ ಇದನ್ನು ರೂಪಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್. 1952ರಲ್ಲಿ ಮಂಡಿಸಿ, 1953ರಲ್ಲಿ ಪ್ರಕಟಿಸಿದರು. ಅವರ ಮೇಲೆ ತಪ್ಪು ಹೊರಿಸುವ ಮುನ್ನ ಮೂಲ ಲೇಖನವನ್ನು ಓದಬೇಕು. ಐದರಲ್ಲಿ ತೀರಾ ಅತೃಪ್ತಿಕರವಾದ ಲಕ್ಷಣ ಬಣ್ಣವೇ ಎಂದು, ಹುಟ್ಟಿನಿಂದ ಬಂದ ಗಾಢ ಮೈಬಣ್ಣ ಅದನ್ನು ಅಳೆಯಲು ಅಡ್ಡಿಯಾಗುತ್ತದೆ ಎಂದು ಅವರೇ ಅದರಲ್ಲಿ ಬರೆದಿದ್ದಾರೆ. ಕೋಷ್ಟಕ ಜಗತ್ತನ್ನೆಲ್ಲ ಸುತ್ತಿತು, ಎಚ್ಚರಿಕೆ ಕಪಾಟಿನಲ್ಲೇ ಉಳಿಯಿತು. 1962ರಲ್ಲಿ ಜೋಸೆಫ್ ಬಟರ್‌ಫೀಲ್ಡ್ ಎಂಬ ವೈದ್ಯರು ಎಪ್ಗಾರ್ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳನ್ನೇ ಐದು ಲಕ್ಷಣಗಳಿಗೆ ಹೊಂದಿಸಿ ನೆನಪಿನ ಸೂತ್ರ ಮಾಡಿಕೊಟ್ಟರು. ಅದರಲ್ಲಿ ಮೊದಲ ಅಕ್ಷರ (A, ‘ಅಪಿಯರೆನ್ಸ್’ ಅಂದರೆ ತೋರಿಕೆ) ಸಿಕ್ಕಿದ್ದು ಬಣ್ಣಕ್ಕೆ! ಮೂಲ ಲೇಖಕಿಗೆ ಎಲ್ಲಕ್ಕಿಂತ ಕಡಿಮೆ ನಂಬಿಕೆಯಿದ್ದ ಲಕ್ಷಣವೇ ವಿದ್ಯಾರ್ಥಿಗಳ ಬಾಯಲ್ಲಿ ಎಲ್ಲಕ್ಕಿಂತ ಮುಂದೆ ಬಂದು ಕೂತಿತು.

ಒಂದು ಅಂಕ ಹೆಚ್ಚುಕಡಿಮೆಯಾದರೆ ಏನು ಮಹಾ ಎನ್ನುವಂತಿಲ್ಲ. ಹತ್ತನೇ ನಿಮಿಷಕ್ಕೂ ಒಟ್ಟು ಅಂಕ 5 ದಾಟದಿದ್ದರೆ, ಮಿದುಳಿಗೆ ಆಮ್ಲಜನಕ ಸಾಲದ ಮಗುವಿನ ಮೈ ತಂಪುಗೊಳಿಸುವ ಚಿಕಿತ್ಸೆ ಬೇಕೇ ಎಂದು ತೀರ್ಮಾನಿಸುವಾಗ ಅದನ್ನೂ ಗಣಿಸುತ್ತಾರೆ. ಅಂಚಿನಲ್ಲಿರುವ ಮಗುವಿಗೆ ಬಣ್ಣದ ಅಂಕ ಎತ್ತಲಾದರೂ ವಾಲಬಹುದು: ಚೆನ್ನಾಗಿರುವ ಮಗುವನ್ನು ತಾಯಿಯ ಮಡಿಲಿನಿಂದ ಎತ್ತಿಕೊಂಡು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ (ಎನ್‌ಐಸಿಯು) ಒಯ್ಯಬಹುದು, ಇಲ್ಲವೇ ‘ಈ ಮಗುವಿನ ಬಣ್ಣವೇ ಹೀಗೆ’ ಎಂದು ಆಮ್ಲಜನಕ ಸಾಲದೆ ಬಂದ ನಿಜವಾದ ನೀಲಿಯನ್ನು ಬಿಟ್ಟುಬಿಡಬಹುದು. ಎರಡನೆಯದು ಹೆಚ್ಚು ಅಪಾಯದ್ದು.

ಹಾಗಿದ್ದರೆ ಎಲ್ಲಿ ನೋಡಬೇಕು? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಡ್ಡ ಬರದ ಕಡೆ. ನಾಲಿಗೆ, ತುಟಿಯ ಒಳಮೈ, ಕೆಳರೆಪ್ಪೆಯ ಒಳಭಾಗ. ಬಿಳಿಚಿಕೊಂಡಿದೆಯೇ ಎಂಬ ಅನುಮಾನವಿದ್ದರೆ ಅಂಗೈ, ಅಂಗಾಲು. ನಾಲಿಗೆ ಬೂದಿಯಾಗಿ ಅಥವಾ ನೇರಳೆಯಾಗಿ ಕಂಡರೆ ಕಾಯುವಂತಿಲ್ಲ. ಒಸಡನ್ನು ಮಾತ್ರ ನೆಚ್ಚುವುದು ಬೇಡ, ಗಾಢ ಬಣ್ಣದವರಲ್ಲಿ ಒಸಡಿಗೂ ಹುಟ್ಟಾ ಕಪ್ಪು ಇರಬಹುದು. ಕೈಕಾಲ ತುದಿ ಮಾತ್ರ ನೀಲಿಯಾಗಿರುವುದು ಮೊದಲ ಒಂದೆರಡು ದಿನ ಯಾವ ಮಗುವಿನಲ್ಲೂ ಸಹಜ. ರಕ್ತಸಂಚಾರ ತಿಳಿಯಲು ಎದೆಮೂಳೆಯ ಮೇಲೆ ಬೆರಳಿಂದ 5 ಸೆಕೆಂಡ್ ಒತ್ತಿ ಬಿಡಬೇಕು. ಒತ್ತಿದ ಜಾಗಕ್ಕೆ 3 ಸೆಕೆಂಡಿನೊಳಗೆ ಬಣ್ಣ ಮರಳಬೇಕು.

ಇನ್ನು, ಬಿಳಿ ಮಗುವಿನ ವಿಷಯದಲ್ಲಾದರೂ ಕಣ್ಣು ಸರಿಯಾಗಿ ಓದುತ್ತದೆಯೇ? 2007ರ ಒಂದು ಅಧ್ಯಯನದಲ್ಲಿ ಹೆರಿಗೆ ಕೋಣೆಯ ವೀಡಿಯೊ ನೋಡಿದ ವೈದ್ಯರು, ದಾದಿಯರು ಮಗು ಯಾವಾಗ ಗುಲಾಬಿಯಾಯಿತು ಎಂಬುದರಲ್ಲೇ ಒಮ್ಮತಕ್ಕೆ ಬರಲಿಲ್ಲ. ಅವರು ‘ಗುಲಾಬಿ’ ಎಂದ ಗಳಿಗೆಯಲ್ಲಿ ರಕ್ತದ ಆಮ್ಲಜನಕ ಮಟ್ಟ ಸರಾಸರಿ ಶೇ. 69. ಒಬ್ಬರಿಂದ ಒಬ್ಬರಿಗೆ, ಮಗುವಿನಿಂದ ಮಗುವಿಗೆ ವ್ಯತ್ಯಾಸವೋ ಅಪಾರ. 2010ರ ಪುನಶ್ಚೇತನ ಮಾರ್ಗಸೂಚಿಗಳು ಬಣ್ಣವನ್ನು ಪಕ್ಕಕ್ಕಿಟ್ಟು, ಅನುಮಾನವಿದ್ದರೆ ಮಗುವಿನ ಬಲಗೈಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕಟ್ಟಿ ಎಂದವು. ಒಂದನೇ ನಿಮಿಷಕ್ಕೆ ಶೇ. 60–65 ಸಾಕು, ಐದಕ್ಕೆ 80–85, ಹತ್ತಕ್ಕೆ 85–95.

ಸಮಸ್ಯೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಆಕ್ಸಿಮೀಟರ್ 660 ನ್ಯಾನೊಮೀಟರಿನ ಕೆಂಪು ಬೆಳಕು, 940ರ ಅವಗೆಂಪು ಬೆಳಕು ಎರಡನ್ನೂ ಚರ್ಮದ ಮೂಲಕ ಹಾಯಿಸಿ ಹೋಲಿಸುತ್ತದೆ. ಮೆಲನಿನ್ ಕೆಂಪನ್ನೇ ಹೆಚ್ಚು ಹೀರುತ್ತದೆ. ಯಂತ್ರವನ್ನು ತಾಳೆ ನೋಡಿದ್ದು ಬಹುಪಾಲು ತಿಳಿಬಣ್ಣದ ವಯಸ್ಕರ ಮೇಲೆ. ಗಾಢ ಚರ್ಮದಲ್ಲಿ ಇದು ಹೆಚ್ಚು ತಪ್ಪುತ್ತದೆ ಎಂದು 1990ರಲ್ಲೇ ಪ್ರಕಟವಾಗಿತ್ತು, ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಶೋಧಕರು, ಯಂತ್ರ ‘ಸರಿಯಿದೆ’ ಎಂದಾಗಲೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದದ್ದು ಬಿಳಿಯ ವಯಸ್ಕ ರೋಗಿಗಳಲ್ಲಿ ಶೇ. 3.6, ಕಪ್ಪು ರೋಗಿಗಳಲ್ಲಿ ಶೇ. 11.7 ಎಂದು ತೋರಿಸಿದ ಮೇಲೆ ಗದ್ದಲವೆದ್ದಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲೂ ಇದೇ ದಿಕ್ಕಿನ ತಪ್ಪು ಕಂಡಿದೆ. ಆದ್ದರಿಂದ ಯಂತ್ರದ ಅಂಕಿ ಚೆನ್ನಾಗಿದ್ದು ಮಗು ಮಂಕಾಗಿದ್ದರೆ ಮಗುವನ್ನು ನಂಬಿ, ರಕ್ತದ ಅನಿಲ ಪರೀಕ್ಷೆಗೆ ಕಳಿಸುವುದು ಲೇಸು.

ಕಾಮಾಲೆಯದ್ದು ಇನ್ನೊಂದು ಕಥೆ. 1969ರಲ್ಲಿ ಕ್ರೇಮರ್ ಎಂಬ ವೈದ್ಯರು ಹಳದಿ ಬಣ್ಣವು ಮುಖದಿಂದ ಕಾಲಿನ ಕಡೆಗೆ ಇಳಿಯುವುದನ್ನು ಐದು ವಲಯಗಳಾಗಿ ವಿಂಗಡಿಸಿದರು, ಅದು ಜಗತ್ತಿನಾದ್ಯಂತ ದಾದಿಯರ ಕಣ್ಣಳತೆಯಾಯಿತು. ಕಂದು ಚರ್ಮದಲ್ಲಿ ಆ ಗೆರೆಗಳು ಕರಗಿಹೋಗುತ್ತವೆ. ಬ್ರಿಟನ್ನಿನ 2010ರ ಮಾರ್ಗಸೂಚಿ ಹೇಳುವಂತೆ ಮಗುವನ್ನು ಬಟ್ಟೆ ಬಿಚ್ಚಿ, ಸಾಧ್ಯವಾದರೆ ಹಗಲು ಬೆಳಕಿನಲ್ಲಿ, ಕಣ್ಣಿನ ಬಿಳಿಭಾಗ, ಒಸಡು ಮತ್ತು ಬೆರಳಿಂದ ಒತ್ತಿದ ಚರ್ಮ ನೋಡಬೇಕು. ಕಂಡ ಹಳದಿಯಿಂದ ಬಿಲಿರುಬಿನ್ (ಕಾಮಾಲೆಗೆ ಕಾರಣವಾದ, ರಕ್ತದಲ್ಲಿನ ಹಳದಿ ವಸ್ತು) ಮಟ್ಟವನ್ನು ಊಹಿಸಲೇಬಾರದು, ಅಳೆಯಬೇಕು. ಮೊದಲ 24 ಗಂಟೆಯೊಳಗೆ ಕಾಮಾಲೆಯ ಅನುಮಾನ ಬಂದರೆ ಎರಡು ಗಂಟೆಯಲ್ಲಿ ರಕ್ತಪರೀಕ್ಷೆ ಆಗಬೇಕು. ಹಣೆಗೆ ತಾಗಿಸುವ ಬಿಲಿರುಬಿನ್ ಮೀಟರ್ ಒಳ್ಳೆಯ ಸಾಧನ, ಆದರೆ ಅದು ಡೆಸಿಲೀಟರಿಗೆ 15 ಮಿಲಿಗ್ರಾಂ ಅಥವಾ ಹೆಚ್ಚು ತೋರಿಸಿದರೆ, ಇಲ್ಲವೇ ಬೆಳಕಿನ ಚಿಕಿತ್ಸೆಯ ಗಡಿಗೆ ಮೂರು ಮಿಲಿಗ್ರಾಂ ಹತ್ತಿರ ಬಂದರೆ, ರಕ್ತದಲ್ಲೇ ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ.

ಇದೇ ಅಕಾಡೆಮಿಯ 2004ರ ಪಟ್ಟಿಯಲ್ಲಿ ಕಪ್ಪು ಜನಾಂಗಕ್ಕೆ ಸೇರಿರುವುದು ಕಾಮಾಲೆಯ ಅಪಾಯವನ್ನು ತಗ್ಗಿಸುವ ಅಂಶಗಳ ಸಾಲಿನಲ್ಲಿತ್ತು. ಹಳದಿ ಮೊದಲೇ ಕಾಣದು, ಮೇಲೆ ‘ಇವರಿಗೆ ಅಪಾಯ ಕಡಿಮೆ’ ಎಂಬ ಅಭಯ ಬೇರೆ. ಆದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಆಫ್ರಿಕನ್ ಅಮೆರಿಕನ್ ಗಂಡುಮಕ್ಕಳಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗಿದೆ. ಅಂಥ ಮಗುವಿನ ಬಟ್ಟೆಯನ್ನು ನುಸಿಗುಳಿಗೆಯ ಪೆಟ್ಟಿಗೆಯಿಂದ ತೆಗೆದು ಹಾಗೇ ತೊಡಿಸಿದರೂ ರಕ್ತಕಣ ಒಡೆದು ಬಿಲಿರುಬಿನ್ ಒಮ್ಮೆಲೇ ಏರಬಹುದು, ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. 2022ರ ಪರಿಷ್ಕರಣೆಯಲ್ಲಿ ಅಕಾಡೆಮಿ ಜನಾಂಗವನ್ನು ಆ ಲೆಕ್ಕದಿಂದ ಕೈಬಿಟ್ಟಿತು.

ಕಾಣದ್ದರ ಗೋಳು ಇದಾದರೆ, ಕಂಡದ್ದನ್ನು ತಪ್ಪಾಗಿ ಓದುವುದೂ ಇದೆ. ಸೊಂಟದ ಕೆಳಗೆ, ಪೃಷ್ಠದ ಮೇಲೆ ಬೂದುನೀಲಿ ಮಚ್ಚೆ ಕಪ್ಪು ಮಕ್ಕಳಲ್ಲಿ ಬಹುಪಾಲು ಇರುತ್ತದೆ, ನಮ್ಮ ಮಕ್ಕಳಲ್ಲೂ ಸಾಮಾನ್ಯ. 1885ರಲ್ಲಿ ಟೋಕಿಯೊದಲ್ಲಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಜ್ ಇದನ್ನು ಮಂಗೋಲ್ ಜನಾಂಗದ ಗುರುತೆಂದು ತಿಳಿದು ಆ ಹೆಸರು ಅಂಟಿಸಿದರು. ತಪ್ಪು ಹೆಸರಿಗಿಂತ ತಪ್ಪು ಅರ್ಥ ಹೆಚ್ಚು ಕಾಡಿದೆ, ಏಟಿನ ಗುರುತೆಂದು ಭಾವಿಸಿ ತಾಯ್ತಂದೆಯರನ್ನು ವಿಚಾರಣೆಗೆ ನಿಲ್ಲಿಸಿದ್ದುಂಟು. ಏಟಿನ ಕಲೆ ಮುಟ್ಟಿದರೆ ನೋಯುತ್ತದೆ, ದಿನಗಳಲ್ಲಿ ಬಣ್ಣ ಬದಲಿಸುತ್ತದೆ. ಈ ಮಚ್ಚೆ ನೋಯದು, ವರ್ಷಗಟ್ಟಲೆ ನಿಧಾನವಾಗಿ ಮಾಸುತ್ತದೆ. ಹುಟ್ಟಿದ ದಿನವೇ ಜಾಗ, ಅಳತೆ ಬರೆದಿಡುವುದೊಂದೇ ಪಕ್ಕಾ ರಕ್ಷಣೆ. ಹಾಗೆಯೇ ಕಪ್ಪು ಶಿಶುಗಳಲ್ಲಿ ನೂರಕ್ಕೆ ನಾಲ್ಕೈದರಲ್ಲಿ ಹುಟ್ಟುವಾಗಲೇ ಸಣ್ಣ ಬಿಳಿ ಗುಳ್ಳೆಗಳಿರುತ್ತವೆ. ಅವು ಒಡೆದು ಕಪ್ಪು ಚುಕ್ಕೆ ಬಿಟ್ಟು ಹೋಗುತ್ತವೆ. ಸೋಂಕೆಂದು ಹೆದರಿ ಆಂಟಿಬಯೋಟಿಕ್ ಚುಚ್ಚುವುದು ವ್ಯರ್ಥ.

ಇಷ್ಟೂ ತಪ್ಪಿನ ಹಿಂದಿರುವುದು ಕಲಿಕೆ. ಪಠ್ಯದ ಚಿತ್ರಗಳು ಬಿಳಿಯವು, ತರಬೇತಿಯ ಗೊಂಬೆಗಳೂ ಬಹುಕಾಲ ಗುಲಾಬಿಯವೇ. 2020ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ಸ್‌ನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಗಾಢ ಚರ್ಮದಲ್ಲಿ ರೋಗಲಕ್ಷಣ ಹೇಗೆ ಕಾಣುತ್ತದೆಂಬ ಕೈಪಿಡಿ ತಂದರು. 2021ರಲ್ಲಿ ನೈಜೀರಿಯಾದ ಚಿಡಿಯಬೆರೆ ಇಬೆ ಬಿಡಿಸಿದ, ಗರ್ಭದೊಳಗಿನ ಕಪ್ಪು ಶಿಶುವಿನ ಚಿತ್ರ ಜಗತ್ತಿನಾದ್ಯಂತ ಹಂಚಿಕೆಯಾಯಿತು. ಅಂಥದ್ದನ್ನು ಮೊದಲ ಬಾರಿ ನೋಡುತ್ತಿದ್ದೇವೆ ಎಂದು ಎಷ್ಟೋ ಜನ ಬರೆದರು. ವೈದ್ಯರೇ ಕಪ್ಪುವರ್ಣೀಯರಾದರೆ ಕಪ್ಪು ಶಿಶು ಉಳಿಯುವ ಸಾಧ್ಯತೆ ಹೆಚ್ಚು ಎಂದು ಫ್ಲೋರಿಡಾದ 1992–2015ರ ಹೆರಿಗೆಗಳನ್ನು ಆಧರಿಸಿ 2020ರಲ್ಲಿ ಬಂದ ಪ್ರಬಂಧವೂ ಸುದ್ದಿಯಾಯಿತು. ಆದರೆ 1,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೆ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಯುತ್ತದೆ ಎಂದು 2024ರ ಮರುಪರಿಶೀಲನೆ ತೋರಿಸಿತು. ಪಠ್ಯದಲ್ಲೂ ವೈದ್ಯರಲ್ಲೂ ಕಪ್ಪುವರ್ಣೀಯರ ಪ್ರಾತಿನಿಧ್ಯಕ್ಕೆ ಆ ಅಂಕಿಯ ಊರುಗೋಲು ಬೇಕಿಲ್ಲ. ಅಮೆರಿಕದಲ್ಲಿ 2022ರಲ್ಲಿ ಸಾವಿರ ಜನನಕ್ಕೆ ಬಿಳಿ ಶಿಶುಗಳ ಸಾವು 4.5, ಕಪ್ಪು ಶಿಶುಗಳದ್ದು 10.9. ಇಷ್ಟು ದೊಡ್ಡ ಅಂತರವನ್ನು ಬಣ್ಣ ಓದುವ ತಪ್ಪೊಂದೇ ಮಾಡಿದ್ದಲ್ಲ ಎಂಬುದೂ ಸ್ಪಷ್ಟ.

ಕಪ್ಪು ಮಕ್ಕಳು ಹುಟ್ಟುವಾಗ ಬಹಳಷ್ಟು ಸಲ ತಿಳಿಬಣ್ಣದಲ್ಲೇ ಇರುತ್ತವೆ, ಮೆಲನಿನ್ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮುಂದಿನ ಬಣ್ಣದ ಸುಳಿವಿಗಾಗಿ ಅಜ್ಜಿಯರು ಕಿವಿಯಂಚು, ಉಗುರಿನ ಬುಡ ನೋಡುತ್ತಾರೆ. ನಮ್ಮಲ್ಲಿ ಬಸುರಿಗೆ ಕೇಸರಿ ಹಾಲು ಕುಡಿಸಿ, ಹೆತ್ತ ಮೇಲೆ ‘ಬಣ್ಣ ಹೇಗಿದೆ?’ ಎಂದು ಕೇಳುವಂತೆ, ಅಲ್ಲೂ ಆ ನೋಟದಲ್ಲಿ ಕೆಲವೊಮ್ಮೆ ಆತಂಕವಿರುತ್ತದೆ. ದಾದಿ ‘ಇನ್ನೂ ಕಪ್ಪಾಗುತ್ತೆ’ ಎಂಬುದನ್ನು ಸಮಾಧಾನದ ದನಿಯಲ್ಲಿ ಹೇಳುತ್ತಾಳೋ ಶುಭಸುದ್ದಿಯ ದನಿಯಲ್ಲೋ ಎಂಬುದು ಬಾಣಂತಿಗೆ ಗೊತ್ತಾಗಿಬಿಡುತ್ತದೆ. ಎನ್‌ಐಸಿಯುನಲ್ಲಿ ನೆತ್ತಿಗೆ ಸೂಜಿ ಹಾಕಲು ಕೂದಲು ಬೋಳಿಸುವ ಮುನ್ನ ಮನೆಯವರನ್ನು ಕೇಳುವುದು, ತೆಗೆದ ಕೂದಲನ್ನು ಅವರ ಕೈಗೆ ಕೊಡುವುದು ಇಂಥದೇ ಸೂಕ್ಷ್ಮ ಬೇಡುವ ಕೆಲಸ.

2023ರ ಜುಲೈನಲ್ಲಿ ಬ್ರಿಟನ್ನಿನ ಎನ್‌ಎಚ್‌ಎಸ್ ಜನಾಂಗ ಮತ್ತು ಆರೋಗ್ಯ ವೀಕ್ಷಣಾಲಯ, ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದಿಂದ ಮಾಡಿಸಿದ ವರದಿಯನ್ನು ಹೊರತಂದಿತು. ಎಪ್ಗಾರ್ ಅಂಕ, ನೀಲಿಗಟ್ಟುವಿಕೆ, ಕಾಮಾಲೆ ಮೂರರಲ್ಲೂ ‘ಗುಲಾಬಿ’, ‘ನೀಲಿ’ ಎಂಬ ಪದಗಳು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ, ಅವನ್ನು ತಿದ್ದಬೇಕು ಎಂಬುದು ಅದರ ತಿರುಳು. ತಿದ್ದಿದ ಟಿಪ್ಪಣಿ ಕೇಸ್ ಶೀಟಿನಲ್ಲಿ ಹೀಗಿದ್ದೀತು: ‘ಮೈ ತಿಳಿಗಂದು, ಕಿವಿಯಂಚು ಗಾಢ ಕಂದು. ನಾಲಿಗೆ, ತುಟಿಯೊಳಗೆ ಕೆಂಪು. ಅಂಗಾಲು ಬೆಚ್ಚಗೆ. ಸೊಂಟದ ಕೆಳಗೆ ಎಡಕ್ಕೆ ಬೂದುನೀಲಿ ಹುಟ್ಟುಮಚ್ಚೆ, 4 × 3 ಸೆಂ.ಮೀ. ಕಿಟಕಿಯ ಬೆಳಕಿನಲ್ಲಿ, ತಾಯಿಯ ಎದುರಿಗೆ ನೋಡಿದ್ದು.’