ಮೊದಲು ಬ್ಯಾಗು ಕೊಡವಿ

ಪಕ್ಕದ ಮನೆಯ ಹುಡುಗಿ ಓದಲಿಕ್ಕೆ ನ್ಯೂಜಿಲೆಂಡಿಗೆ ಹೊರಟಿದ್ದಳು. ಹೋಗುವ ವಾರ ಮೊದಲು ಬ್ಯಾಗು ಹೊತ್ತುಕೊಂಡು ನಮ್ಮ ಜಗಲಿಗೆ ಬಂದಳು, ಹಿಂದೆ ಅವಳ ಅಪ್ಪ. "ಮಾವ, ಇದೆಲ್ಲ ಕೈಯಲ್ಲಿ ಹಿಡ್ಕೊಂಡು ಹೋಗಲಿಕ್ಕೆ ಬಿಡ್ತಾರಾ ನೋಡಿ" ಅಂತ ಒಂದೊಂದೇ ಸಾಮಾನು ತೆಗೆದು ಚಾಪೆಯ ಮೇಲೆ ಹರಡಿದಳು. ಆನ್‌ಲೈನಿನಲ್ಲಿ ತರಿಸಿದ ಸರ್ವೈವಲ್ ಕಿಟ್. ಮಡಚುವ ಚಾಕು, ತಂತಿ ಗರಗಸ, ಕಿಡಿ ಹಾರಿಸುವ ಸಲಾಕೆ, ಪೆಪ್ಪರ್ ಸ್ಪ್ರೇ, ಸೀಟಿ, ಬೆಳ್ಳಿ ಬಣ್ಣದ ತೆಳು ಹೊದಿಕೆ, ತಲೆಗೆ ಕಟ್ಟುವ ಟಾರ್ಚು, ಇಟ್ಟಿಗೆ ಗಾತ್ರದ ಪವರ್ ಬ್ಯಾಂಕ್.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ವಿಮಾನ ನಿಲ್ದಾಣಗಳ ಭದ್ರತೆಯಲ್ಲಿ ಇದ್ದವನು. ಅದರಲ್ಲಿ ಬಹುಪಾಲು ಎಕ್ಸ್‌ರೇ ಪರದೆಯ ಮುಂದೆ ಕಳೆದದ್ದು. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ವಿದೇಶಕ್ಕೆ ಹೊರಡುವವರ ಬ್ಯಾಗು ನೋಡುವ ಕೆಲಸ ತಪ್ಪಿಲ್ಲ, ಸಂಬಳ ಮಾತ್ರ ಇಲ್ಲ. ಚಾಪೆ ಮೇಲಿನ ಸಾಮಾನು ನಾನು ಮುಟ್ಟಲಿಲ್ಲ. ಖಾಲಿಯಾಗಿದ್ದ ಬ್ಯಾಗನ್ನೇ ಎತ್ತಿ, ತಲೆಕೆಳಗೆ ಮಾಡಿ, ಅಂಗಳದಲ್ಲಿ ಕೊಡವಿದೆ. ಅದು ಅವಳ ಅಪ್ಪನ ಹಳೆ ಬ್ಯಾಗು, ತೋಟಕ್ಕೆ ಒಯ್ಯುತ್ತಿದ್ದದ್ದು. ಒಣಗಿದ ಸಿಲ್ವರ್ ಓಕ್ ಮರದ ಎಲೆ ಬಿತ್ತು. ನಾಲ್ಕು ಕಾಫಿ ಬೀಜ, ಒಂದು ಬೀಡಿ ಕಟ್ಟು. ಒಳಗಿನ ಜಿಪ್ಪಿನ ಮೂಲೆಗೆ ಬೆರಳು ಹಾಕಿದಾಗ ಸಿಕ್ಕಿದ್ದು ಹನ್ನೆರಡು ಬೋರಿನ ಕೋವಿಗೆ ತುಂಬುವ ಒಂದು ತೋಟಾ, ಅಂದರೆ ಗುಂಡು. ಅಪ್ಪನ ಮುಖ ಬಿಳಿಚಿತು. "ಯಾವ ಕಾಲದ್ದೋ, ನನಗೇ ಗೊತ್ತಿಲ್ಲ" ಅಂದ.

ಕೊಡಗಿನವರಿಗೆ ನಾನು ಮೊದಲು ಹೇಳುವ ಮಾತು ಇದೇ. ಏನು ತುಂಬಬೇಕು ಅನ್ನುವುದು ಆಮೇಲೆ. ಕೋವಿ ನಮಗೆ ಮನೆಯ ಸಾಮಾನಿನ ಹಾಗೆ. ಆಯುಧ ಪೂಜಿಸುವ ನಮ್ಮ ಹಬ್ಬ ಕೈಲ್ ಪೊಳ್ದಿನಲ್ಲಿ ಹೂವಿಟ್ಟು ಪೂಜೆ ಮಾಡುತ್ತೇವೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿದೆ. ಆ ಕಾಗದ ವಿಮಾನ ನಿಲ್ದಾಣದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೈಬ್ಯಾಗಿನಲ್ಲಿ ತೋಟಾ ಸಿಕ್ಕಿದರೆ ನಮ್ಮ ಸಿಬ್ಬಂದಿ ಪೊಲೀಸರಿಗೆ ಒಪ್ಪಿಸಲೇಬೇಕು. ಅವರು ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕುತ್ತಾರೆ. ಗೊತ್ತಿಲ್ಲದೆ ಉಳಿದಿತ್ತು ಅಂತ ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದುಂಟು. ಅದಕ್ಕೆ ತಿಂಗಳುಗಟ್ಟಲೆ ಬೇಕು. ವಿಮಾನ ಮಾತ್ರ ಅವತ್ತೇ ಹೋಗಿರುತ್ತದೆ.

ಪರದೆ ಮೇಲೆ ತೋಟಾ ಅಡಗುವುದೇ ಇಲ್ಲ. ಎಕ್ಸ್‌ರೇಯಲ್ಲಿ ಬಟ್ಟೆ, ಕಾಗದ, ಊಟದ ಸಾಮಾನು ಕಿತ್ತಳೆ ಬಣ್ಣಕ್ಕೆ ಕಾಣುತ್ತವೆ, ಲೋಹ ನೀಲಿಗೆ, ಎರಡರ ನಡುವಿನದು ಹಸಿರಿಗೆ. ಹನ್ನೆರಡು ಬೋರಿನ ತೋಟಾದ ಹಿಂಭಾಗದ ಹಿತ್ತಾಳೆ ನೀಲಿ ಟೋಪಿಯ ಹಾಗೆ, ಮುಂದೆ ಸೀಸದ ಚರೆಗಳು ರಾಗಿ ಕಾಳು ಸುರಿದ ಹಾಗೆ ಕಪ್ಪು ಕಪ್ಪಾಗಿ. ಒಂದು ಸಲ ನೋಡಿದವನು ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತಾನೆ. ಆದ್ದರಿಂದ ತೋಟಕ್ಕೆ, ಬೇಟೆಗೆ, ಮದುವೆಮನೆಗೆ ಒಯ್ದ ಬ್ಯಾಗನ್ನು ವಿಮಾನಕ್ಕೆ ಒಯ್ಯಬೇಡಿ. ಒಯ್ಯಲೇಬೇಕಾದರೆ ಪ್ರತಿ ಜೇಬನ್ನೂ ಬೆರಳು ಹಾಕಿ ನೋಡಿ. ಕೋಟಿನ ಜೇಬನ್ನೂ ಮರೆಯಬೇಡಿ. ಖಾಲಿ ತೋಟಾ ಆದರೇನು ಅಂತ ಕೇಳುವವರಿದ್ದಾರೆ. ಕೀ ಚೈನಿಗೆ ಸಿಕ್ಕಿಸಿಕೊಂಡ ಖಾಲಿ ತೋಟಾಕ್ಕೂ ವಿಚಾರಣೆ ತಪ್ಪಿದ್ದಲ್ಲ.

ಕೊಡವರು ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕಠಾರಿ ಪೀಚೆಕತ್ತಿಯದ್ದು ಇನ್ನೊಂದು ಕತೆ. ವಿದೇಶದಲ್ಲಿ ಮದುವೆ, ಕುಪ್ಯ (ಉದ್ದ ಕೋಟು), ಚೇಲೆ (ಸೊಂಟದ ಪಟ್ಟಿ) ಎಲ್ಲ ಇಸ್ತ್ರಿ ಮಾಡಿ ಕೈಬ್ಯಾಗಿನಲ್ಲಿ, ಅದರ ನಡುವೆ ಬೆಳ್ಳಿ ಕೆತ್ತನೆಯ ಪೀಚೆಕತ್ತಿ. ಹಾಗೆ ಬಂದ ಒಬ್ಬ ಮದುಮಗ ಸರದಿಯಲ್ಲಿ ನಿಂತು ಬೆವರಿದ್ದನ್ನು ಕಂಡಿದ್ದೇನೆ. ಅದು ಚೆಕ್-ಇನ್ ಲಗೇಜಿಗೇ ಹೋಗಬೇಕು, ಒರೆ ಸಮೇತ ಗಟ್ಟಿಯಾಗಿ ಸುತ್ತಿ. ಇಳಿಯುವ ದೇಶದಲ್ಲಿ ಅಂಥ ಕತ್ತಿ ತರಬಹುದೇ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಈಗ ಚಾಪೆ ಮೇಲಿನ ಕಿಟ್ಟಿಗೆ ಬರೋಣ. "ಇಷ್ಟೆಲ್ಲ ಯಾಕೆ?" ಅಂದೆ. "2018 ನೋಡಿದ್ದೇವಲ್ಲ ಮಾವ" ಅಂದಳು. ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಆಮೇಲೆ ಜೋರು ಮಳೆಯ ಕಕ್ಕಡ ತಿಂಗಳು ಬಂತೆಂದರೆ ಬಾಗಿಲ ಹಿಂದೆ ಒಂದು ಬ್ಯಾಗು ಸಿದ್ಧವಾಗಿಡುವ ಮನೆಗಳನ್ನು ನಾನೂ ಬಲ್ಲೆ. ಹುಡುಗಿಯ ಯೋಚನೆ ಸರಿಯೇ. ಆದರೆ ವಿಮಾನದ ದಾರಿಯಲ್ಲಿ ಬರುವ ಕಷ್ಟವೇ ಬೇರೆ. ಅಲ್ಲಿ ಯಾರೂ ಮರ ಕಡಿದು ಗುಡಿಸಲು ಕಟ್ಟುವುದಿಲ್ಲ. ಲಗೇಜ್ ಕೈಗೆ ಸಿಗದೆ ಒಂದೆರಡು ರಾತ್ರಿ ಎಲ್ಲೋ ಸಿಕ್ಕಿಬೀಳುತ್ತೇವೆ, ಅಷ್ಟೇ.

2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಎಂಬ ಊರಲ್ಲಿ ಇಳಿಯಿತು. 216 ಪ್ರಯಾಣಿಕರು. ಅಷ್ಟು ಜನಕ್ಕೆ ಹೋಟೆಲ್ ಇಲ್ಲದ ಊರು, ಕೆಲವರು ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದರು. ಅದಕ್ಕೂ ವರ್ಷದ ಹಿಂದೆಯೇ, 2022ರ ಮಾರ್ಚಿನಲ್ಲಿ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎಂಬ ಕಾರ್ಡ್ ಕಂಪನಿಗಳು ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದ್ದವು. ನಮ್ಮ ಕಾರ್ಡು ಅಲ್ಲಿ ಬರೀ ಪ್ಲಾಸ್ಟಿಕ್. ಅಂಥ ಕಡೆ ಯಾವ ಚಾಕು ಉಪಯೋಗಕ್ಕೆ ಬರುತ್ತೆ ಹೇಳಿ? ಬೇಕಾದ್ದು ಮಾತ್ರೆ, ಸ್ವೆಟರ್, ಚಾರ್ಜು, ಕೈಯಲ್ಲಿ ಒಂದಿಷ್ಟು ಡಾಲರ್ ನೋಟು. 2024ರ ಏಪ್ರಿಲ್ 16ರ ಮಳೆಗೆ ದುಬೈ ನಿಲ್ದಾಣ ನೀರು ನಿಂತು ದಿನಗಟ್ಟಲೆ ಒದ್ದಾಡಿತಲ್ಲ, ಗಲ್ಫಿಗೆ ಹೋಗಿಬರುವ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಾಪೆ ಮೇಲಿನದನ್ನು ಎರಡು ಗುಂಪು ಮಾಡಿದೆ. ಚಾಕು, ತಂತಿ ಗರಗಸ ಚೆಕ್-ಇನ್ನಿಗೆ. ಯುರೋಪಿನ ಕೆಲವು ನಿಲ್ದಾಣಗಳಲ್ಲಿ ಆರು ಸೆಂಟಿಮೀಟರಿಗಿಂತ ಚಿಕ್ಕ ಅಲಗಿಗೆ ರಿಯಾಯಿತಿ ಇದೆ, ಅಮೆರಿಕದಲ್ಲಿ ಚಾಕುವಿಗೆ ಇಲ್ಲವೇ ಇಲ್ಲ. ಹೊರಡುವುದು ಬೆಂಗಳೂರಿನಿಂದ ಆದ್ದರಿಂದ ಆ ಲೆಕ್ಕ ಸುಮ್ನೆ. ಕಿಡಿ ಸಲಾಕೆ ಮನೆಯಲ್ಲೇ ಇರಲಿ ಅಂದೆ. ಲೈಟರ್, ಬೆಂಕಿಪೊಟ್ಟಣ ನಮ್ಮ ದೇಶದಲ್ಲಿ ಕೈಬ್ಯಾಗಿಗೂ ಇಲ್ಲ, ಲಗೇಜಿಗೂ ಇಲ್ಲ. ಸ್ಟೌವಿನ ಗ್ಯಾಸ್ ಡಬ್ಬಿ ಯಾವ ದೇಶದಲ್ಲೂ ಇಲ್ಲ. ಪೆಪ್ಪರ್ ಸ್ಪ್ರೇಯನ್ನು ಕೈಬ್ಯಾಗಿನಿಂದ ಕಿತ್ತುಕೊಳ್ಳುತ್ತಾರೆ ಅನ್ನುವುದಷ್ಟೇ ತೊಂದರೆಯಲ್ಲ. ಬ್ರಿಟನ್ನಿನಲ್ಲಿ ಅದು 1968ರ ಕಾಯ್ದೆ ಪ್ರಕಾರ ನಿಷೇಧಿತ ಆಯುಧ, ಇಟ್ಟುಕೊಂಡರೇ ಅಪರಾಧ. ಸೀಟಿ, ತೆಳು ಹೊದಿಕೆ, ತಲೆ ಟಾರ್ಚು, ನೀರು ಶುದ್ಧ ಮಾಡುವ ಮಾತ್ರೆ, ಮಳೆ ಜಾಕೆಟ್ಟು, ಇವಕ್ಕೆ ಎಲ್ಲೂ ತಕರಾರಿಲ್ಲ. ನೀರಿನ ಬಾಟಲಿ ಖಾಲಿ ಒಯ್ದು ತಪಾಸಣೆ ದಾಟಿದ ಮೇಲೆ ತುಂಬಿಸಿಕೊಳ್ಳಿ.

ಪವರ್ ಬ್ಯಾಂಕಿನ ವಿಷಯದಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ಅದು ಕೈಬ್ಯಾಗಿನಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊಗೆ ಬಂದರೆ ಮೇಲಿದ್ದಾಗ ಸಿಬ್ಬಂದಿ ನೀರು ಹಾಕಿ ಆರಿಸಬಹುದು, ಕೆಳಗೆ ಲಗೇಜಿನ ಗೋದಾಮಿಗೆ ಹಾರಾಟದಲ್ಲಿ ಯಾರೂ ಇಳಿಯಲಾರರು. ಮಿತಿ 100 ವ್ಯಾಟ್ ಅವರ್. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲ. ಡಬ್ಬಿಯ ಮೇಲೆ ಬರೆದ ಮಿಲಿ ಆಂಪಿಯರ್ ಅವರ್ (mAh) ಅಂಕೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20000 ಅಂತಿದ್ದರೆ 74, ನಿಶ್ಚಿಂತೆ. ಹುಡುಗಿಯದ್ದರ ಮೇಲೆ 50000 ಅಂತಿತ್ತು, ಬೆಲೆ ಮಾತ್ರ ಎಂಟು ನೂರು ರೂಪಾಯಿ. ನಿಜವಾಗಿದ್ದರೆ 185 ಆಗುತ್ತೆ, ಒಯ್ಯುವ ಹಾಗಿಲ್ಲ. ಸುಳ್ಳಾಗಿದ್ದರೆ ಅಂಥ ಡಬ್ಬಿಯನ್ನು ನಂಬಿ ಪ್ರಯಾಣ ಯಾಕೆ? ಅಳತೆ ಅಳಿಸಿಹೋಗಿದ್ದರೂ ತೆಗೆದಿಡುತ್ತಾರೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದಲ್ಲಿ ನಿಂತಿದ್ದ ವಿಮಾನವೊಂದು ಸುಟ್ಟುಹೋದ ಮೇಲೆ ಕಂಪನಿಗಳು ಇನ್ನೂ ಬಿಗಿಯಾಗಿವೆ. ಸಿಂಗಾಪುರ ಏರ್‌ಲೈನ್ಸ್ ಆ ಏಪ್ರಿಲ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿತು. ಎಮಿರೇಟ್ಸ್ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಅಂತ ಮಾಡಿತು, ಅದೂ ಬಳಸುವ ಹಾಗಿಲ್ಲ.

ಮಾತ್ರೆಯನ್ನು ಪಟ್ಟಿ ಕತ್ತರಿಸಿ ಡಬ್ಬಿಗೆ ಸುರಿಯಬೇಡಿ. ಅಂಗಡಿಯ ಪೊಟ್ಟಣದಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಾಮಡಾಲ್ ನೋವಿನ ಮಾತ್ರೆಗೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ಇನ್ಸುಲಿನ್ ಲಗೇಜಿಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಅದೂ ಕೈಯಲ್ಲೇ.

ಇನ್ನು ಅಮ್ಮಂದಿರ ಪಾಲು. ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ), ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥ, ಮೂರೂ ಪರದೆಯ ಮುಂದೆ ಕೂತವನಿಗೆ ದ್ರವವೇ. ಒಂದು ಬಾಟಲಿ 100 ಮಿಲಿ ದಾಟುವ ಹಾಗಿಲ್ಲ. ಅರ್ಧ ಖಾಲಿಯಾದ 200 ಮಿಲಿ ಬಾಟಲಿಯೂ ನಡೆಯುವುದಿಲ್ಲ, ಲೆಕ್ಕ ಬಾಟಲಿಯದ್ದು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ತಂಪುಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ಒಯ್ಯುವ ಸಂಚು ಬಯಲಾದ ಮೇಲೆ ಬಂದ ನಿಯಮ ಇದು. ತೀರ್ಥವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ಅಲ್ಲೇ ಗಟಗಟ ಕುಡಿದು ಮುಂದೆ ಹೋದವರನ್ನು ನೋಡಿದ್ದೇನೆ. ಚಿಕ್ಕ ಬಾಟಲಿಗೆ ತುಂಬಿ, ಇಲ್ಲವೇ ಲಗೇಜಿಗೆ ಹಾಕಿ. ಕಾಫಿ ಪುಡಿಯೂ ಲಗೇಜಿಗೇ ಹೋಗಲಿ. ಪರದೆಯಲ್ಲಿ ಅದು ದಟ್ಟ ಕಿತ್ತಳೆ ಇಟ್ಟಿಗೆ, ಸ್ಫೋಟಕದ ಪುಡಿಯೂ ಅದೇ ಬಣ್ಣ. ಬ್ಯಾಗು ಬಿಚ್ಚಿಸದೆ ಬಿಡುವುದು ಕಷ್ಟ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಗಿಂತ ಜಾಸ್ತಿ ಪುಡಿ ಕೈಬ್ಯಾಗಿನಲ್ಲಿದ್ದರೆ ಹೆಚ್ಚಿನ ತಪಾಸಣೆ ಅಂತ 2018ರಿಂದ ನಿಯಮವೇ ಇದೆ. ಗಸಗಸೆ ಮಾತ್ರ ಯುಎಇ, ಸಿಂಗಾಪುರದ ಕಡೆ ಒಂದು ಚಮಚವೂ ಬೇಡ, ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ.

ವಿದೇಶದಿಂದ ಊರಿಗೆ ಬರುವವರಿಗೂ ಒಂದು ಮಾತು. ನಮ್ಮ ತಡಿಯಂಡಮೋಳ್ ಬೆಟ್ಟ ಹತ್ತುವ ಉತ್ಸಾಹದಲ್ಲಿ ಹೊರದೇಶದ ಮಕ್ಕಳು ಸೊಂಟಕ್ಕೆ ಸಿಕ್ಕಿಸುವ ಸ್ಯಾಟಲೈಟ್ ಸಂದೇಶ ಯಂತ್ರ ತರುತ್ತಾರೆ. ಅಲ್ಲಿ ಅದು ಬೆಟ್ಟ ಹತ್ತುವವರ ಪ್ರಾಣರಕ್ಷಕ. ಇಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದೇ ಅಪರಾಧ. ಅಂಥ ಸಾಧನ ತಂದ ವಿದೇಶಿಯರು ಗೋವಾ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ. ಅಲ್ಲೇ ಬಿಟ್ಟು ಬನ್ನಿ ಅಂತ ಫೋನಿನಲ್ಲೇ ಹೇಳಿಬಿಡಿ.

ಕೊನೆಗೆ ಹುಡುಗಿಗೆ ಒಂದು ಪುಟ್ಟ ಸೊಂಟದ ಚೀಲ ಕೊಟ್ಟೆ. ಪಾಸ್‌ಪೋರ್ಟ್, ಮೂರು ದಿನದ ಮಾತ್ರೆ, ಡಾಲರ್ ನೋಟು, ಕಾಗದದ ಮೇಲೆ ಬರೆದ ಫೋನ್ ನಂಬರುಗಳು, ಸೀಟಿ. ಕೈಬ್ಯಾಗು ತಲೆಯ ಮೇಲಿನ ಕಪಾಟಿನಲ್ಲಿರುತ್ತದೆ, ಅವಸರದಲ್ಲಿ ಇಳಿಯಬೇಕಾಗಿ ಬಂದರೆ ಅದನ್ನು ಮುಟ್ಟುವ ಹಾಗಿಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರೂ ಬದುಕಿ ಬಂದರು, ಬ್ಯಾಗುಗಳನ್ನು ಬಿಟ್ಟು. ಮೈಮೇಲಿದ್ದದ್ದೇ ಅವರ ಪಾಲಿಗೆ ಉಳಿದ ಆಸ್ತಿ. ಆ ಚೀಲ ನಿದ್ದೆಯಲ್ಲೂ ಬಿಚ್ಚಬೇಡ ಅಂದೆ.

"ಬೂಟು?" ಅಂದಳು. ತೋಟದ ಕೆಮ್ಮಣ್ಣು ಅಡಿಯ ಸಂದಿಯಲ್ಲೆಲ್ಲ ಒಣಗಿ ಕೂತಿತ್ತು. ನ್ಯೂಜಿಲೆಂಡಿನವರು ಮಣ್ಣು, ಬೀಜ ಅಂದರೆ ಬೆಚ್ಚಿಬೀಳುತ್ತಾರೆ. ಹೇಳದೆ ತಂದ ತಿಂಡಿಗೂ ಅಲ್ಲಿ 400 ಡಾಲರ್ ದಂಡ. ಜೇನಂತೂ ಒಳಗೇ ಬಿಡುವುದಿಲ್ಲ. ಅಮ್ಮನ ಜೇನು ಬಾಟಲಿ ಹಾಗೆ ನಮ್ಮ ಮನೆಗೆ ಬಂತು. ಹುಡುಗಿ ಹಳೆ ಹಲ್ಲುಜ್ಜುವ ಬ್ರಶ್ ಹಿಡಿದು ಅಂಗಳದ ನಲ್ಲಿಯ ಹತ್ತಿರ ಒಂದು ಗಂಟೆ ಕೂತಳು. ಅಪ್ಪ ತೋಟಾವನ್ನು ಜೇಬಿಗೆ ಹಾಕಿಕೊಳ್ಳಲು ಹೋದ. "ಜೇಬಿಗೆ ಬೇಡ ಮಾರಾಯ" ಅಂದೆ. ನಕ್ಕು ಕೈಯಲ್ಲೇ ಹಿಡಿದುಕೊಂಡು ಹೋದ.

ಇಳಿದ ದಿನ ಮೆಸೇಜು ಬಂತು. "ಬೂಟಿನ ಅಡಿಗೆ ಟಾರ್ಚು ಬಿಟ್ಟು ನೋಡಿದರು ಮಾವ. ಕಾಫಿ ಪುಡಿ ಮೂಸಿ ನೋಡಿ, ಚೆನ್ನಾಗಿದೆ ಅಂದರು."