ಗ್ಯಾಲಕ್ಸಿಗಳು ಡಿಕ್ಕಿ ಹೊಡೆದ್ರೆ ಬಾಲ ಬೆಳೀತದೆ

ಹುತ್ತರಿ ಮುಗಿದು ಎರಡು ವಾರ ಆಗಿತ್ತು, ರಾತ್ರಿ ಕರೆಂಟ್ ಹೋಯ್ತು, ಕಾಫಿ ಕಣದಲ್ಲಿ ನಿಂತ್ಕೊಂಡು ಚಿಕ್ಕಮ್ಮನ ಮಗನಿಗೆ ಆಂಡ್ರೊಮೀಡ ಅನ್ನೋ ಗ್ಯಾಲಕ್ಸಿ, ಅಂದ್ರೆ ಕೋಟಿಗಟ್ಟಲೆ ನಕ್ಷತ್ರಗಳ ದೊಡ್ಡ ಗುಂಪು, ತೋರಿಸಿದೆ, ಬರಿಗಣ್ಣಿಗೆ ಒಂದು ಚೂರು ಮಂಜು ಅಂಟಿದ ಹಾಗೆ ಕಾಣ್ತದೆ. "ಅಣ್ಣ, ಅದು ಬಂದು ಗುದ್ದಿದ್ರೆ ಭೂಮಿ ಭಸ್ಮ ಅಂತೆ, ವಾಟ್ಸಾಪಲ್ಲಿ ಬಂದಿತ್ತು" ಅಂದ. ನಿಜವಾಗ್ಲೂ ಹೆದರಿದ್ದ. ಮಕ್ಕಳನ್ನ ಹೀಗೆ ಹೆದರಿಸೋದು ನೋಡಿದ್ರೆ ಸಂಕಟ ಆಗ್ತದೆ.

ಅದು ಇರೋದು 25 ಲಕ್ಷ ಜ್ಯೋತಿರ್ವರ್ಷ ದೂರ. ಮುಂದಿನ 1000 ಕೋಟಿ ವರ್ಷದಲ್ಲಿ ನಮ್ಮ ಗ್ಯಾಲಕ್ಸಿ ಜೊತೆ ಸೇರೋದೂ ಸೇರದೇ ಇರೋದೂ ಹೆಚ್ಚುಕಮ್ಮಿ ಸಮಸಮ ಅಂತ 2025ರ ಒಂದು ಲೆಕ್ಕ ಹೇಳ್ತದೆ. ಸೇರಿದ್ರೂ ನಕ್ಷತ್ರಕ್ಕೆ ನಕ್ಷತ್ರ ಗುದ್ದೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ. ಸೂರ್ಯ ಮಡಿಕೇರೀಲಿರೋ ಒಂದು ಕಾಫಿ ಬೀಜ ಅಂದ್ಕೊಳ್ಳಿ, ಹತ್ತಿರದ ನಕ್ಷತ್ರ ಕೋಲಾರದ ಆಚೆ ಇರೋ ಇನ್ನೊಂದು ಬೀಜ.

ಹಾಗಾದ್ರೆ ಆಗೋದೇನು? ಬಾಲ ಬೆಳೀತದೆ! ಎದುರಿನ ಗ್ಯಾಲಕ್ಸಿ ತನ್ನ ಕಡೆಯ ಅಂಚನ್ನ ಜಾಸ್ತಿ ಎಳೀತದೆ, ನಡುವನ್ನ ಕಮ್ಮಿ, ಆಚೆ ಅಂಚನ್ನ ಇನ್ನೂ ಕಮ್ಮಿ. ಸಂಪಾಜೆ ಘಾಟಿಲಿ ಸಾಲಾಗಿ ಮೂರು ಜೀಪು ಹೋಗೋವಾಗ ಮುಂದಿನದಕ್ಕೆ ಇಳಿಜಾರು ಮೊದಲು ಸಿಕ್ಕಿ ಸ್ಪೀಡ್ ತಗೊಳ್ತದೆ, ಹಿಂದಿನದು ಇನ್ನೂ ಏರಲ್ಲೇ ಇರ್ತದೆ, ಗ್ಯಾಪ್ ಬೆಳೀತಾ ಹೋಗ್ತದೆ, ಹಾಗೇ ಇದು. ಅದರ ಜೊತೆಗೆ ಗ್ಯಾಲಕ್ಸಿ ತಿರುಗ್ತಾನೂ ಇರ್ತದಲ್ಲ, ಮಕ್ಕಳು ಕೈ ಹಿಡ್ಕೊಂಡು ಗಿರಗಿರ ಸುತ್ತೋವಾಗ ಒಬ್ಬ ಕೈ ಬಿಟ್ರೆ ಆಚೆ ಹಾರಿದ ಹಾಗೆ ನಕ್ಷತ್ರಗಳ ಸಾಲೇ ಹೊರಗೆ ಚಾಚ್ತದೆ. ಹಸ್ತ ನಕ್ಷತ್ರದ ದಿಕ್ಕಲ್ಲಿ ಆಂಟೆನೆ ಅನ್ನೋ ಜೋಡಿ ಗ್ಯಾಲಕ್ಸಿಗಳಿಗೆ ಇಂಥ ಎರಡು ಉದ್ದ ಬಾಲ ಇದೆ, ನಡುವೆ ಗ್ಯಾಸ್ ಒತ್ತಿ ಹೊಸ ನಕ್ಷತ್ರ ಗುಂಪುಗುಂಪಾಗಿ ಹುಟ್ತಾ ಇವೆ.

ನನಗೆ ತುಂಬ ಇಷ್ಟವಾದ ಕಥೆ 1941ರದ್ದು. ಕಂಪ್ಯೂಟರ್ ಇಲ್ಲ, ಗ್ಯಾಲಕ್ಸಿಗಳು ಹತ್ತಿರ ಬಂದ್ರೆ ಏನಾಗ್ತದೆ ಅಂತ ನೋಡೋಕೆ ಸ್ವೀಡನ್ನಿನ ಖಗೋಳ ವಿಜ್ಞಾನಿ ಎರಿಕ್ ಹೋಮ್‌ಬರ್ಗ್ ಒಂದು ಗ್ಯಾಲಕ್ಸಿಗೆ 37 ಅಂತ ಒಟ್ಟು 74 ಬಲ್ಬು ಜೋಡಿಸಿದ್ರು. ದೂರ ಎರಡು ಪಟ್ಟಾದ್ರೆ ಬೆಳಕು ಕಾಲು ಭಾಗ ಆಗ್ತದೆ, ಗುರುತ್ವಾಕರ್ಷಣೆಯೂ ಅಷ್ಟೇ! ಹಾಗಾಗಿ ಪ್ರತಿ ಬಲ್ಬಿನ ಜಾಗದಲ್ಲಿ ಬೀಳೋ ಬೆಳಕನ್ನ ಅಳೆದು, ಅದನ್ನೇ ಎಳೆತ ಅಂತ ಲೆಕ್ಕ ಹಾಕಿ, ಬಲ್ಬನ್ನ ಸ್ವಲ್ಪ ಸರಿಸಿ, ಮತ್ತೆ ಅಳೆಯೋದು. ಎಂಥ ತಾಳ್ಮೆ! ಬಾಲಗಳ ಲೆಕ್ಕವನ್ನ 1972ರಲ್ಲಿ ತೂಮ್ರೆ ಅನ್ನೋ ವಿಜ್ಞಾನಿ ಅಣ್ಣತಮ್ಮಂದಿರು ಕಂಪ್ಯೂಟರಲ್ಲಿ ಮಾಡಿ ತೋರಿಸಿದ್ರು.

ದೊಡ್ಡದಕ್ಕೆ ದೊಡ್ಡದು ಸೇರಿದ್ರೆ ಸುರುಳಿ ಆಕಾರ ಕಲಸಿಹೋಗಿ ಮೊಟ್ಟೆಯಾಕಾರದ ಗ್ಯಾಲಕ್ಸಿ ಆಗಬಹುದು. ಸಣ್ಣದನ್ನ ನುಂಗಿದ್ರೆ ಸುರುಳಿ ಉಳ್ಕೊಳ್ತದೆ. ನಮ್ಮ ಗ್ಯಾಲಕ್ಸಿಯೂ ಸುಮಾರು 1000 ಕೋಟಿ ವರ್ಷದ ಹಿಂದೆ ಒಂದನ್ನ ನುಂಗಿದೆ, ಗಾಯಾ ದೂರದರ್ಶಕದ ಲೆಕ್ಕದಿಂದ 2018ರಲ್ಲಿ ಗೊತ್ತಾಯ್ತು. ಆಗ ನಮ್ಮ ಸೂರ್ಯ ಹುಟ್ಟೇ ಇರಲಿಲ್ಲ. ಆ ಗ್ಯಾಲಕ್ಸಿಯ ನಕ್ಷತ್ರಗಳು ಈಗಲೂ ಉದ್ದುದ್ದ ದಾರೀಲಿ ಓಡಾಡ್ತಾ ನಮ್ಮ ಸೂರ್ಯನ ನೆರೆಗೂ ಬಂದು ಹೋಗ್ತವೆ. ತಮ್ಮನಿಗೆ ಅದನ್ನೇ ಹೇಳಿದೆ.